ಹಾಡಿಗಳ ಒಕ್ಕೂಟವನ್ನು ಮಾತುಕತೆಗೆ ಕರೆಯಿರಿ: ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪರಿಶಿಷ್ಟ ಪಂಗಡಗಳ ಕಲ್ಯಾಣ ಸಚಿವರಿಗೆ,

ಸವಿನಯ ನಮಸ್ಕಾರಗಳು.

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಯೊಂದರ, ಅಂದರೆ ಬುಡಕಟ್ಟು ಜನರ ಪುಟ್ಟ ಊರೊಂದರ, ಜೇನುಕುರುಬ ಹೆಣ್ಣುಮಗಳು, ನಮ್ಮ ಅರಣ್ಯ ಹಕ್ಕು ಸಮಿತಿಯ ಸದಸ್ಯೆ. ಬೇರೆ ಬೇರೆ ಸಂಘಗಳಲ್ಲಿ ಹಂಚಿಹೋಗಿದ್ದ ಜೇನುಕುರುಬರು, ಬೆಟ್ಟಕುರುಬರು, ಯರವರು ಮತ್ತು ಸೋಲಿಗರು ಈಗ ಒಂದೇ ಒಕ್ಕೂಟವಾಗಿ ನಿಂತಿದ್ದೇವೆ. ಆ ಒಕ್ಕೂಟವನ್ನು ಸರ್ಕಾರ ಮಾತುಕತೆಗೆ ಕರೆಯಬೇಕು ಎಂಬುದೇ ನಮ್ಮ ಕೋರಿಕೆ.

ಕಳೆದ ಮಳೆಗಾಲದಲ್ಲಿ ಎಲ್ಲ ಹಾಡಿಗಳ ಯಜಮಾನರೂ ಸೇರಿ ಜಂಟಿ ಮನವಿಯೊಂದನ್ನು ಸರ್ಕಾರಿ ಕಚೇರಿಯೊಂದಕ್ಕೆ ಕೊಂಡೊಯ್ದೆವು. ಕೊಡಗಿನ ಕಾಫಿ ತೋಟಗಳ ಕೂಲಿ ಬಿಟ್ಟು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ಮಧ್ಯಾಹ್ನದವರೆಗೂ ಜಗಲಿಯಲ್ಲಿ ನಿಲ್ಲಿಸಿದ ಮೇಲೆ ಹೊರಗೆ ಬಂದ ಅಧಿಕಾರಿ, ‘ನೀವೆಲ್ಲ ಒಂದೇ ಜಾತಿಯವರಲ್ಲವಲ್ಲ, ಒಟ್ಟಿಗೆ ಯಾಕೆ ಬಂದಿರಿ? ಜಾತಿವಾರು ಬೇರೆ ಬೇರೆ ಅರ್ಜಿ ತನ್ನಿ’ ಎಂದರು. ಆಮೇಲೆ ಒಂದು ಸಮುದಾಯದ ಯಜಮಾನರನ್ನು ಮಾತ್ರ ಒಳಗೆ ಕರೆದು, ಅವರ ಹಾಡಿಗೆ ಮೊದಲು ಮನೆ ಮಂಜೂರು ಮಾಡಿಸುವ ಆಸೆ ತೋರಿಸಿದರು. ಅವರು ಒಪ್ಪದೆ ಎದ್ದು ಬಂದರು. ಸ್ವೀಕೃತಿಯ ಮೊಹರು ಹಾಕಿಕೊಡಿ ಎಂದು ಬೇಡಿಕೊಂಡರೂ ಯಾರೂ ಹಾಕಲಿಲ್ಲ. ಬಸ್ಸಿಗೆ ಕಾಯುವಾಗ ಮಳೆ ಹೊಡೆದು, ಆ ಕಾಗದದ ಮೇಲಿನ ಹೆಬ್ಬೆಟ್ಟುಗಳ ಮಸಿಯೆಲ್ಲ ಒಂದಕ್ಕೊಂದು ಕಲೆಸಿಹೋಯಿತು.

ಮಾನ್ಯರೇ, ಇದು ನಮ್ಮನ್ನು ಒಡೆಯುವ ಕೆಲಸವಲ್ಲದೆ ಮತ್ತೇನು? ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಹಕ್ಕಿನ ಪ್ರಕ್ರಿಯೆ ಶುರುವಾಗುವುದು ಗ್ರಾಮಸಭೆಯಿಂದ, ಜಾತಿಯಿಂದಲ್ಲ ಎಂಬುದು ತಮಗೆ ತಿಳಿಯದ್ದಲ್ಲ.

ಒಗ್ಗಟ್ಟಿನಿಂದಲೇ ನಮಗೆ ಏನಾದರೂ ದಕ್ಕಿದೆ. ನಾಗರಹೊಳೆಯ ಒಳಗೆ ಐಷಾರಾಮಿ ಹೋಟೆಲ್ ಏಳುತ್ತಿದ್ದಾಗ ನಮ್ಮ ಹಿರಿಯರು ಜೊತೆಯಾಗಿ ಹೋರಾಡಿದ್ದರಿಂದಲೇ 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಹಾಡಿಗಳಾದ ಪೋಡುಗಳನ್ನೆಲ್ಲ ಸಂಘಟಿಸಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದರು. ಆದರೆ ನಾಗರಹೊಳೆ ಭಾಗದಿಂದ ಒಕ್ಕಲೆಬ್ಬಿಸಲಾದ 3,418 ಕುಟುಂಬಗಳನ್ನು ಗುರುತಿಸಿ ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯ ಜಾರಿಗಾಗಿ ನಾವಿನ್ನೂ ಕೈಮುಗಿಯುತ್ತಲೇ ಇದ್ದೇವೆ. ಇನ್ನೆಷ್ಟು ವರ್ಷ ಕೈಮುಗಿಯಬೇಕು?

ರಾಜ್ಯದಲ್ಲಿ ಪರಿಶಿಷ್ಟ ಪಂಗಡಗಳಿಗೆ 15 ವಿಧಾನಸಭಾ ಕ್ಷೇತ್ರಗಳು ಮೀಸಲಾಗಿದ್ದು, ನಮ್ಮ ಹೆಗ್ಗಡದೇವನಕೋಟೆ ಕ್ಷೇತ್ರವೂ ಅವುಗಳಲ್ಲೊಂದು. ಆದರೂ ಹಾಡಿಯವರಿಗೆ ಟಿಕೆಟ್ ಕೊಡಲು ಪಕ್ಷಗಳು ಮನಸ್ಸು ಮಾಡುವುದಿಲ್ಲ, ಏಕೆಂದರೆ ಒಂದೊಂದು ಸಮುದಾಯದ ಮತಗಳನ್ನು ಬಿಡಿಯಾಗಿ ಎಣಿಸಿದರೆ ನಾವು ಲೆಕ್ಕಕ್ಕೇ ಬರುವುದಿಲ್ಲ. ಸಿದ್ದಿ ಬುಡಕಟ್ಟು ಸಮುದಾಯದ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತನ್ನು ತಲುಪಿದ್ದೂ ನಾಮನಿರ್ದೇಶನದ ಮೂಲಕ. ಸದನದಲ್ಲಿ ನಮ್ಮವರಿಲ್ಲದಿರುವಾಗ, ಕಷ್ಟಪಟ್ಟು ಕಟ್ಟಿಕೊಂಡ ಒಕ್ಕೂಟದ ದನಿಯನ್ನಾದರೂ ಕೇಳಬೇಡವೇ?

ಆದ್ದರಿಂದ ಒಕ್ಕೂಟವನ್ನು ಲಿಖಿತವಾಗಿ ಮಾತುಕತೆಗೆ ಕರೆಯಿರಿ. ಅರಣ್ಯ, ಕಂದಾಯ ಮತ್ತು ತಮ್ಮ ಇಲಾಖೆಯ ಅಧಿಕಾರಿಗಳನ್ನು ಒಂದೇ ದಿನ, ಒಂದೇ ಸಭೆಗೆ ಕರೆತನ್ನಿ. ಆ ಸಭೆ ಹಾಡಿಯಲ್ಲೇ ನಡೆಯಲಿ, ಅಲ್ಲಿ ಆಡಿದ ಮಾತೆಲ್ಲ ನಡಾವಳಿಯಲ್ಲಿ ದಾಖಲಾಗಲಿ. ನಮ್ಮ ಜಂಟಿ ಮನವಿಯನ್ನು ಹೊಸದಾಗಿ ಬರೆಸಿ, ಮತ್ತೆ ಎಲ್ಲರ ಹೆಬ್ಬೆಟ್ಟು ಹಾಕಿಸಿದ್ದೇವೆ. ಈ ಸಲ ಅದನ್ನು ತಾವೇ ಸ್ವೀಕರಿಸಿ, ಮೊಹರು ಹಾಕಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಹಾಡಿಯ ಹೆಣ್ಣುಮಗಳು