ಲವಂಗದ ಸಸಿಗೆ ನೀರು ಕಡಿಮೆ ಮಾಡು

ಬೀದರ್

ಚಿರಂಜೀವಿ ತಮ್ಮನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕಾಕುವಿನ ಮೊಣಕಾಲು ನೋವು ಇದ್ದ ಹಾಗೇ ಇದೆ.

ನೀನು ಕಳಿಸಿದ ಫೋಟೊ ನೋಡಿದೆ. ಶಿರಸಿಯಿಂದ ತಂದ ಲವಂಗದ ಸಸಿ ಎಲೆತುದಿ ಸುಟ್ಟುಕೊಂಡು ನಿಂತಿದೆ. ಯಾವ ಗೊಬ್ಬರ ಹಾಕಲಿ ಎಂದು ಕೇಳಿದ್ದೀಯ. ಯಾವುದೂ ಬೇಡ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ "ಆಯ್ತು ಕಾಕಾ" ಅಂತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ದಡ್ಡತನ ಕೇಳು. ನೌಕರಿಯಲ್ಲಿದ್ದಾಗ ಕಲಬುರಗಿಯ ಬಾಡಿಗೆ ಮನೆ ಹಿತ್ತಲಲ್ಲಿ ನಾನೂ ಒಂದು ಲವಂಗ ನೆಟ್ಟಿದ್ದೆ. ಎರೆ ಮಣ್ಣು. ಯುಗಾದಿ ಹೊತ್ತಿಗೆ ಮೇಲೆಲ್ಲ ಬಿರುಕು ಬಿಟ್ಟಿತು. ಬಾಯಾರಿದೆ ಅಂದುಕೊಂಡು ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ಸುರಿದೆ. ಎಲೆ ಉದುರತೊಡಗಿತು. ನಾನು ಮಧ್ಯಾಹ್ನವೂ ಒಂದು ಕೊಡ ಶುರು ಮಾಡಿದೆ! ಸತ್ತ ಮೇಲೆ ಕಿತ್ತು ನೋಡಿದರೆ ಬೇರು ಕರ್ರಗಾಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂತು. ಕೊಳೆತ ವಾಸನೆ. ಗೇಣು ಕೆಳಗಿನ ಮಣ್ಣು ನಾದಿದ ಜೋಳದ ಹಿಟ್ಟಿನ ಹಾಗೆ ಮೆತ್ತಗಿತ್ತು.

ನಿನ್ನ ಸಸಿಯೂ ಅದೇ ದಾರಿ ಹಿಡಿದಿದೆ. ಗಾಳಿ ಒಣಗಿದ್ದಕ್ಕೆ ಎಲೆ ಸುಡುತ್ತದೆ, ನಾವು ಬೇರಿಗೆ ನೀರು ಹೊಡೆಯುತ್ತೇವೆ. ಲವಂಗದ ತವರು ಇಂಡೋನೇಷ್ಯಾದ ಮಲುಕು ದ್ವೀಪಗಳು. ಸುತ್ತ ಸಮುದ್ರ, ವರ್ಷವಿಡೀ ತೇವದ ಗಾಳಿ. 1800ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯವರು ಅದನ್ನು ನಮ್ಮ ದೇಶಕ್ಕೆ ತಂದಾಗಲೂ ಬಯಲು ಸೀಮೆಗೆ ಇಳಿಸಲಿಲ್ಲ, ತಮಿಳುನಾಡಿನ ಕುತ್ತಾಲಂ ಜಲಪಾತದ ಮಗ್ಗುಲಿಗೆ ಒಯ್ದರು. ಶಿರಸಿಯಲ್ಲಿ ನೀನು ಕಂಡಿದ್ದೂ ಅಡಿಕೆ ತೋಟದ ನೆರಳಲ್ಲೇ ಅಲ್ವಾ? ಅಂಥದ್ದನ್ನು ತಂದು ಫರ್ಸಿ ಕಲ್ಲು ಹಾಸಿದ ಅಂಗಳದಲ್ಲಿ ಇಟ್ಟಿದ್ದೀಯ. ಮೇ ತಿಂಗಳ ಮಧ್ಯಾಹ್ನ ಆ ಫರ್ಸಿ ಮೇಲೆ ನೀನು ಬರಿಗಾಲಲ್ಲಿ ನಿಲ್ಲುತ್ತೀಯಾ?

ಇವತ್ತೇ ಕುಂಡವನ್ನು ಬೇವಿನ ಮರದ ಕೆಳಗೆ ಸರಿಸು. ಎರಡು ಇಟ್ಟಿಗೆ ಮೇಲೆ ಇಡು, ತಳದ ತೂತು ಮುಚ್ಚಬಾರದು. ಬೆಳಗಿನ ಎಳೆ ಬಿಸಿಲು ಬಿದ್ದರೆ ಸಾಕು. ಪಡುವಣ ಬದಿಗೆ ತೊಗರಿ ಕಟ್ಟಿಗೆಯ ತಟ್ಟಿ ಕಟ್ಟು. ಊರಿಂದ ಒಂದು ಹೊರೆ ತರಿಸಿದರೆ ಆಯಿತು. ಹಸಿರು ನೆಟ್ಟಿಗೆ ಸುಮ್ನೆ ದುಡ್ಡು ಯಾಕೆ? ಮಣ್ಣಿನ ಮೇಲೆ ತೊಗರಿ ಹೊಟ್ಟು ನಾಲ್ಕು ಬೆರಳು ದಪ್ಪ ಹರಡು, ಕಾಂಡಕ್ಕೆ ತಾಗದಂತೆ. ನೀರು ಹಾಕುವ ಮುಂಚೆ ಬೆರಳು ಎರಡು ಗೆಣ್ಣು ಊರಿ ನೋಡು. ತಂಪು ತಾಗಿದರೆ ಅವತ್ತು ನೀರಿಲ್ಲ.

ಇನ್ನೊಂದು. ಕುಂಡದ ಅಂಚಿಗೆ ಬಿಳಿ ಪೊರೆ ಕಾಣುತ್ತದೆ ಫೋಟೊದಲ್ಲಿ. ಅದು ಬೋರಿನ ಸವುಳು ನೀರಿನ ಗುರುತು. ಮಳೆ ಶುರುವಾದ ಮೇಲೆ ಮಾಳಿಗೆಯ ನೀರು ಡ್ರಮ್ಮಿಗೆ ಹಿಡಿದು ಅದನ್ನೇ ಹಾಕು. ಆಗಲೇ ಮಣ್ಣನ್ನೂ ಬದಲಿಸು. ಕೆಂಪು ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ. ಈಗ ಬಿಸಿಲಲ್ಲಿ ಬೇರು ಅಲುಗಿಸಬೇಡ.

ಸಸಿ ಮಾರಿದವನು ಎರಡು ವರ್ಷಕ್ಕೆ ಮೊಗ್ಗು ಅಂದನಂತೆ. ಮಲೆನಾಡಿನಲ್ಲೇ ಏಳೆಂಟು ವರ್ಷ ಬೇಕು. ನಿಜ ಹೇಳಬೇಕೆಂದರೆ ನಿನ್ನ ಅಂಗಳದಲ್ಲಿ ಅದು ಮೊಗ್ಗು ಬಿಡುತ್ತದೆ ಎಂಬ ನಂಬಿಕೆ ನನಗಿಲ್ಲ. ಬದುಕಿದರೆ ಎಲೆ ತಿಕ್ಕಿ ಮೂಸಿ ನೋಡು, ಅದೂ ಲವಂಗದ್ದೇ ವಾಸನೆ. ನಿನ್ನ ಕಾಕು ಒಮ್ಮೆ ಮಸಾಲೆ ಡಬ್ಬಿಯ ನಾಲ್ಕು ಲವಂಗ ಮಣ್ಣಲ್ಲಿ ಊರಿ ಹದಿನೈದು ದಿನ ನೀರು ಹಾಕಿದಳು. ಅದು ಅರಳುವ ಮೊದಲೇ ಕಿತ್ತು ಒಣಗಿಸಿದ ಮೊಗ್ಗು, ಬೀಜವೇ ಅಲ್ಲ ಎಂದರೆ ಇವತ್ತಿಗೂ ನಂಬುವುದಿಲ್ಲ.

ಅದರ ಜೊತೆ ತಂದ ದಾಲ್ಚಿನ್ನಿಯ ಮೇಲೆ ನನಗೆ ಆಸೆ ಇದೆ. ಅದು ಗಟ್ಟಿ ಜೀವ. ಅದನ್ನು ನನಗೆ ಕೊಡು. ನಮ್ಮ ಬೀದರ್ ನಿಮ್ಮ ಕಲಬುರಗಿಗಿಂತ ಎತ್ತರ, ಸ್ವಲ್ಪ ತಂಪು. ನೆಲ ಕೆಂಪು ಜಂಬಿಟ್ಟಿಗೆ, ನೀರನ್ನು ತಡೆಯದೆ ಕೆಳಗೆ ಬಿಡುತ್ತದೆ. ಬಹಮನಿ ಕಾಲದ ಕರೇಜಿಗೆ, ಅಂದರೆ ನೆಲದೊಳಗಿನ ನೀರಿನ ಸುರಂಗಕ್ಕೆ, ನೀರು ಬಂದಿದ್ದೂ ಹಾಗೆ ಜಿನುಗಿಯೇ. ಮೂರು ವರ್ಷ ಬೆಳೆಸಿ, ನೆಲದಿಂದ ಗೇಣು ಬಿಟ್ಟು ಕಡಿದರೆ ಬುಡದಿಂದ ನಾಲ್ಕಾರು ಚಿಗುರು ಏಳುತ್ತವೆ. ಅವು ಬಲಿತ ಮೇಲೆ ತೊಗಟೆ ಬಿಡಿಸುವುದು. ಕೆಂಪು ಚಿಗುರೆಲೆ ಹಸಿರಿಗೆ ತಿರುಗುವ ಹೊತ್ತು ನೋಡಿ ಚಾಕು ಹಾಕಿದರೆ ತೊಗಟೆ ಸಲೀಸಾಗಿ ಏಳುತ್ತದೆ. ಅಂಗಡಿಯಲ್ಲಿ ಸಿಗುವ ದಪ್ಪ ಚಕ್ಕೆ ಹೆಚ್ಚಾಗಿ ಬೇರೆ ಜಾತಿ. ಅಸಲಿ ದಾಲ್ಚಿನ್ನಿ ತೆಳ್ಳಗೆ, ಸುರುಳಿಯೊಳಗೆ ಸುರುಳಿ.

ಜೂನಿನ ಮಿರುಗದ ಮಳೆ ಬೀಳಲಿ, ಆಮೇಲೆ ಒಂದು ಭಾನುವಾರ ತೆಗೆದುಕೊಂಡು ಬಾ. ಗುಂಡಿ ನಾನು ತೋಡಿಸಿಡುತ್ತೇನೆ. ಹುಮನಾಬಾದ್ ಮೇಲೆ ಬರುವ ಬಸ್ಸಿನಲ್ಲಿ ಕುಂಡವನ್ನು ಮೇಲೆ ಏರಿಸಬೇಡ, ಕಾಲ ಬಳಿ ಇಟ್ಟುಕೋ.

ನಿನ್ನ ಕಾಕಾ