ನಗೆಪಾಟಲಿಗೆ ‘ಈಡಾದವಳ’ ತಕರಾರು

ಮಾನ್ಯ ಸಂಪಾದಕರೇ,

‘ಆದರದ ಸ್ವಾಗತ’ ಅನ್ನಲು ಹೋಗಿ ‘ಹಾದರದ ಸ್ವಾಗತ’ ಅಂದವರ ಜೋಕು ನೀವೂ ಕೇಳಿರುತ್ತೀರಿ. ನಾನು ಲಂಗ ಹಾಕುವ ಕಾಲಕ್ಕೇ ಅದು ಹಳೇ ಜೋಕು. ಹೋದ ನವೆಂಬರ್ 1ರಂದು, ಮದ್ದೂರು ತಾಲ್ಲೂಕಿನ ನಮ್ಮೂರ ಶಾಲೆ ಮೈದಾನದಲ್ಲಿ, ಮೈಕಿನ ಮುಂದೆ ಅದು ನನ್ನ ಬಾಯಲ್ಲೇ ಬಂತು. ನಾನು ಬಟ್ಟೆ ಹೊಲಿಯುವವಳು, ಸ್ತ್ರೀಶಕ್ತಿ ಸಂಘವೊಂದರ ಅಧ್ಯಕ್ಷೆ. ರಾಜ್ಯೋತ್ಸವದ ಸ್ವಾಗತ ಭಾಷಣ ನನ್ನ ಪಾಲಿಗೆ ಬಂದಿತ್ತು. ಮೊದಲು ಮುಂದಿನ ಸಾಲಿನ ಕುರ್ಚಿಗಳು ನಕ್ಕವು, ಆಮೇಲೆ ಇಡೀ ಶಾಮಿಯಾನ. ಯಾರೋ ಮೊಬೈಲಲ್ಲಿ ಹಿಡಿದಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಂಗಳೂರಿನಲ್ಲಿರುವ ನಾದಿನಿಗೂ ತಲುಪಿತ್ತು.

ನಮ್ಮ ಕಡೆಯವರ ನಾಲಗೆಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ‘ಆಲು’, ಹಣ್ಣು ‘ಅಣ್ಣು’, ಹಸು ‘ಅಸ’. ಮನೆಯಲ್ಲಿ ಇದು ಯಾರಿಗೂ ತಪ್ಪಾಗಿ ಕೇಳಿಸಿಲ್ಲ. ಕೇಳಿಸಿದ್ದು ನಾಲ್ಕನೇ ಕ್ಲಾಸಿನ ಮೇಷ್ಟ್ರಿಗೆ. ಒಂದು ಹ ಬಿಟ್ಟರೆ ಒಂದು ಸಲ ಬೆತ್ತ ಮೇಜಿಗೆ ಬೀಳುತ್ತಿತ್ತು. ಅಂದಿನಿಂದ ದೊಡ್ಡವರ ಮುಂದೆ ಬಾಯಿ ತೆರೆದರೆ ಹ ಎಲ್ಲಿ ಬಿಟ್ಟುಹೋಗುತ್ತದೋ ಅಂತ ಎದೆ ಹೊಡೆದುಕೊಳ್ಳುತ್ತದೆ, ಆ ಗಾಬರಿಯಲ್ಲಿ ಬೇಡದ ಕಡೆ ಒಂದು ಹ ಸೇರಿಕೊಳ್ಳುತ್ತದೆ. ಅವತ್ತು ಆದದ್ದೂ ಅಷ್ಟೇ. ಮಗಳು ಕನ್ನಡ ಎಂ.ಎ. ಓದುತ್ತಿದ್ದಾಳೆ. ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತಂತೆ, ಹೂವು ‘ಪೂ’ ಆಗಿತ್ತಂತೆ. ಪ ಹೋಗಿ ಹ ಬಂದ ಕಾಲದಲ್ಲಿ ಯಾರು ಯಾರನ್ನು ನೋಡಿ ನಕ್ಕರೋ!

ನಕ್ಕರು ಅಂತ ಈ ಪತ್ರ ಬರೆಯುತ್ತಿಲ್ಲ. ಬೇರೆಯವರು ಅಂದಿದ್ದರೆ ನಾನೂ ಸೆರಗು ಬಾಯಿಗಿಟ್ಟು ನಗುತ್ತಿದ್ದೆ. ಮೂರನೇ ದಿನ ಒಂದು ಪತ್ರಿಕೆಯಲ್ಲಿ (ನಿಮ್ಮದಲ್ಲ) ಎರಡು ಕಾಲಂ ಸುದ್ದಿ ಬಂತು: ‘ನಗೆಪಾಟಲಿಗೀಡಾದ ಸಂಘದ ಅಧ್ಯಕ್ಷೆ’. ಕತ್ತರಿಸಿ ಮಿಷನ್ನಿನ ಡ್ರಾಯರಿನಲ್ಲಿ, ಬಾಬಿನ್‌ಗಳ ಕೆಳಗೆ ಇಟ್ಟಿದ್ದೇನೆ. ಹೊಲಿಯುವಾಗ ಅದೊಂದೇ ಮಾತು ತಲೆಯಲ್ಲಿ ತಿರುಗುತ್ತದೆ. ಈಡಾದ. ಮಲೆನಾಡಿನವರ ಬಾಯಲ್ಲಿ ಈಡು ಅಂದರೆ ಕೋವಿಯ ಹೊಡೆತ. ಆಮೇಲೆ ನಿಮ್ಮ ಪತ್ರಿಕೆಯನ್ನೂ ಇದೇ ಕಣ್ಣಿಟ್ಟು ಓದುತ್ತಾ ಬಂದೆ. ಟೀಕೆಗೆ ಗುರಿಯಾದ, ಲೇವಡಿಗೆ ತುತ್ತಾದ, ಅಪಹಾಸ್ಯಕ್ಕೊಳಗಾದ. ಈಡು ಉಂಟು, ಗುರಿ ಉಂಟು, ಕೋವಿ ಹಿಡಿದವನ ಸುಳಿವಿಲ್ಲ. ತುತ್ತು ಉಂಟು, ನುಂಗಿದ ಬಾಯಿ ಯಾರದೋ! ಓದಿದವರಿಗೆ ನಾನೇ ನಡೆದುಕೊಂಡು ಹೋಗಿ ನಗೆಪಾಟಲು ಅನ್ನುವ ಹಳ್ಳಕ್ಕೆ ಬಿದ್ದ ಹಾಗೆ ಕಾಣಬೇಕು.

ಮನೆಮಾತು ಹಾಗಿಲ್ಲ. ಅವತ್ತು ರಾತ್ರಿ ಅತ್ತೆ ಅಂದರು, ‘ಆಡ್ಕೊಳ್ಳೋರ ಮುಂದೆ ಎಡವಿ ಬಿದ್ದಂಗಾಯ್ತಲ್ಲವ್ವ.’ ಆಗ ಹೊಟ್ಟೆ ಉರಿಯಿತು. ಈಗ ಯೋಚಿಸಿದರೆ, ಆ ಮಾತಲ್ಲಿ ಎಡವಿದವಳಿಗಿಂತ ಮೊದಲೇ ಆಡಿಕೊಳ್ಳುವವರು ಬಂದು ನಿಂತಿದ್ದಾರೆ, ಎಡವುವುದನ್ನೇ ಕಾಯುತ್ತಾ. ಮಗಳ ಹಾಸ್ಟೆಲಿನ ಗದಗದ ಹುಡುಗಿ ಫೋನಿನಲ್ಲಿ ಸಮಾಧಾನ ಹೇಳಿದಳು: ‘ಮಂದಿ ಸುಮ್ನ ನಗಿಗೇಡು ಮಾಡ್ಯಾರ್ರೀ, ಬಿಡ್ರಿ.’ ಮಾಡಿದ್ದು ಮಂದಿ. ಕರ್ತೃಪದ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರಲ್ಲ, ಅದನ್ನು ಆ ಹುಡುಗಿ ಕೈಗೆ ಕೊಟ್ಟಳು. ಟೀ ಅಂಗಡಿ ಮುಂದಿನ ಹುಡುಗರು ಮಾತ್ರ ಪತ್ರಿಕೆಯವರ ಪಕ್ಷ. ‘ಟ್ರೋಲ್ ಆಗ್ಬುಟ್ರಿ ಅಕ್ಕ’ ಅನ್ನುತ್ತಾರೆ, ಮಳೆಗೆ ಸಿಕ್ಕಿ ನೆನೆದುಬಿಟ್ಟೆ ಅನ್ನುವ ಹಾಗೆ. (ವಿಡಿಯೊ ಹಿಡಿದವನು ಅವರಲ್ಲೇ ಒಬ್ಬ. ಹೋದ ವಾರ ಅವನ ಪ್ಯಾಂಟಿಗೆ ಹೊಸ ಜಿಪ್ ಹಾಕಿಕೊಟ್ಟವಳು ನಾನು.)

ಮಗಳ ಕಾವ್ಯಮೀಮಾಂಸೆ ಪಾಠದಲ್ಲಿ ಭರತನ ನಾಟ್ಯಶಾಸ್ತ್ರ ಬರುತ್ತದೆ. ಅದರಲ್ಲಿ ನಗು 6 ಬಗೆಯಂತೆ. ಸ್ಮಿತ, ಹಸಿತ ಉತ್ತಮರದು. ವಿಹಸಿತ, ಉಪಹಸಿತ ಮಧ್ಯಮರದು. ಅಪಹಸಿತ, ಅತಿಹಸಿತ ಅಧಮರದು. ಅಪಹಸಿತ ಅಂದರೆ ಸಮಯ ಸಂದರ್ಭ ನೋಡದೆ, ಕಣ್ಣಲ್ಲಿ ನೀರು ತುಂಬಿ, ಹೆಗಲು ತಲೆ ಕುಣಿಸಿ ನಗುವುದು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತವರು ನಕ್ಕದ್ದು ಥೇಟ್ ಹಾಗೇ. ಭರತಮುನಿ ಅಳೆದದ್ದು ನಗುವವರನ್ನು. ನಮ್ಮ ಪೇಪರಿನವರ ಟೇಪು ನಗೆಗೆ ಸಿಕ್ಕವರ ಸುತ್ತಳತೆಯನ್ನು ಮಾತ್ರ ತೆಗೆಯುತ್ತದೆ.

ತಲೆಬರಹದಲ್ಲಿ ಜಾಗ ಸಾಲದು ಅನ್ನುತ್ತೀರೇನೋ. ಎಣಿಸಿ ನೋಡಿದೆ. ‘ನಗೆಪಾಟಲಿಗೀಡಾದ ಸಂಘದ ಅಧ್ಯಕ್ಷೆ’ 14 ಅಕ್ಷರ. ‘ಅಧ್ಯಕ್ಷೆಯನ್ನು ನೋಡಿ ನಕ್ಕ ಗಣ್ಯರು’ 12. ಎರಡು ಅಕ್ಷರದ ಬಟ್ಟೆ ಉಳಿಯಿತು.

ಮಾರ್ಚ್ 8ರ ಮಹಿಳಾ ದಿನಾಚರಣೆಗೂ ಸ್ವಾಗತ ನನ್ನದೇ. ಬೇರೆಯವರಿಗೆ ಕೊಡೋಣ ಅಂದರು, ನಾನು ಬಿಡಲಿಲ್ಲ. ‘ಪ್ರೀತಿಯ ಸ್ವಾಗತ’ ಅಂತ ಮಗಳು ಚೀಟಿ ಬರೆದುಕೊಟ್ಟಿದ್ದಾಳೆ. ಅದರಲ್ಲಿ ಅ ಕೂಡ ಇಲ್ಲ, ಹ ಕೂಡ ಇಲ್ಲ. ಚೀಟಿ ಡ್ರಾಯರಿನಲ್ಲೇ ಇದೆ, ಪೇಪರ್ ತುಂಡಿನ ಪಕ್ಕ. ಯಾವುದನ್ನು ಓದುವುದು ಅಂತ ಇನ್ನೂ ತೀರ್ಮಾನಿಸಿಲ್ಲ.

– ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ (ಹೆಸರು ಹಾಕಬೇಡಿ), ಮದ್ದೂರು ತಾಲ್ಲೂಕು