ದಾಖಲೆ ವಿಭಾಗದ ಆಯುಕ್ತರಿಗೆ: ಬೀಪ್ ಸದ್ದು ನಿಲ್ಲಿಸಿದಿರಿ, ಡಿಸ್ಕ್ ಬದಲಿಸಲಿಲ್ಲ

ಮಾನ್ಯ ಆಯುಕ್ತರೇ,

"ಸರ್ವರ್ ಡೌನ್, ನಾಳೆ ಬನ್ನಿ" ಎಂಬುದನ್ನು ಕೇಳಿ ಕೇಳಿ ಸಾಕಾಗಿತ್ತು. ಈಗ ಹೊಸ ರಾಗ: "ಡೇಟಾ ಹೋಗಿದೆ, ಮೂಲ ಪ್ರತಿ ತನ್ನಿ." ಸ್ಕ್ಯಾನ್ ಮಾಡುತ್ತೇವೆಂದು ಮೂಲ ಪ್ರತಿ ಇಸಿದುಕೊಂಡು ವಾಪಸ್ ಕೊಡದವರು ನೀವೇ ಅಲ್ಲವೇ ಸ್ವಾಮಿ? ತಂದೆಯ ಆಸ್ತಿ ಪತ್ರವಿಲ್ಲದೆ ಅಣ್ಣತಮ್ಮಂದಿರ ಪಾಲು ನಿಂತಿದೆ. ಅಮ್ಮನ ಆಪರೇಷನ್‌ಗೆ ಎಲ್ಲೂ ಸಾಲ ಹುಟ್ಟುತ್ತಿಲ್ಲ.

ನಡೆದದ್ದನ್ನು ನಿಮ್ಮ ಸಿಬ್ಬಂದಿಯೇ ಹೇಳಿದರು. ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿದ ಅರೇಯಲ್ಲಿ ಒಂದು ಡಿಸ್ಕ್ ಕೆಟ್ಟು ಕಿತ್ತಳೆ ದೀಪ ಉರಿಯುತ್ತಿತ್ತಂತೆ, ಬೀಪ್ ಬೀಪ್ ಎಂದು ಬಡಿದುಕೊಳ್ಳುತ್ತಿತ್ತಂತೆ. "ತಲೆನೋವು ಸಾರ್, ಸೌಂಡ್ ಆಫ್ ಮಾಡಿಸಿದ್ವಿ." ಹೊಸ ಡಿಸ್ಕ್ ಖರೀದಿಯ ಫೈಲ್ ಮೇಜಿಂದ ಮೇಜಿಗೆ ಅಲೆಯುತ್ತಿದ್ದಾಗಲೇ ಎರಡನೆಯದೂ ಹೋಯಿತು.

ಡೇಟಾವನ್ನು ಡಿಸ್ಕ್‌ಗಳಲ್ಲಿ ಹಂಚಿಡುವ ನಿಮ್ಮ ರೇಡ್ 5 ವ್ಯವಸ್ಥೆ ಒಂದೇ ಡಿಸ್ಕಿನ ನಷ್ಟ ತಾಳುತ್ತದೆಂದು ತಮಗೆ ಗೊತ್ತಿಲ್ಲದ್ದೇನಲ್ಲ. ಬದಲಿ ಡಿಸ್ಕ್ ಹಾಕಿದ ಮೇಲೂ ರೀಬಿಲ್ಡ್ ಆಗಲು, ಅಂದರೆ ಕಳೆದ ಡೇಟಾ ಅದರಲ್ಲಿ ಮತ್ತೆ ತುಂಬಲು, ಉಳಿದ ಡಿಸ್ಕ್‌ಗಳನ್ನೆಲ್ಲ ಪೂರ್ತಿ ಓದಬೇಕು. ಡಿಸ್ಕ್ ದೊಡ್ಡದಾದರೆ ದಿನಗಟ್ಟಲೆ. ಒಂದೇ ಬ್ಯಾಚಿನಲ್ಲಿ ಕೊಂಡು ಒಟ್ಟಿಗೇ ಸವೆದ ಡಿಸ್ಕ್‌ಗಳು ಆ ಹೊರೆಗೇ ಕೈಕೊಡಬಹುದು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಾಗ ಮೊದಲ ದೋಷ (ಸ್ಕ್ಯಾನ್ ದೋಷ) ಕಂಡ ಡಿಸ್ಕ್ 60 ದಿನಗಳೊಳಗೆ ಕೆಡುವ ಸಾಧ್ಯತೆ, ದೋಷವಿಲ್ಲದ್ದಕ್ಕಿಂತ 39 ಪಟ್ಟು ಎಂದು ಗೂಗಲ್‌ನವರು 2007ರಲ್ಲೇ ಬರೆದಿದ್ದರು. ನಿಮ್ಮಲ್ಲಿ 60 ದಿನಕ್ಕೆ ಒಂದು ಸಹಿ ಬಿದ್ದರೆ ಅದೇ ಪುಣ್ಯ.

ಬ್ಯಾಕಪ್ ಇಲ್ಲವೇ ಎಂದೆ. ಇದೆಯಂತೆ! ಅದೇ ಅರೇಯಲ್ಲಿ, ಪಕ್ಕದ ಫೋಲ್ಡರಿನಲ್ಲಿ.

ಎರಡು ಡಿಸ್ಕ್ ಹೋದರೂ ತಾಳುವ ರೇಡ್ 6 ಹಾಕಿಸಿ, ಸ್ಪೇರ್ ಡಿಸ್ಕ್ ಅರೇಯಲ್ಲೇ ಕೂತಿರಲಿ. ಡಿಸ್ಕ್ ಕೆಡದೆಯೂ ಡೇಟಾ ಸದ್ದಿಲ್ಲದೆ ಹಾಳಾಗುವುದುಂಟು. ಅದನ್ನು ಹಿಡಿಯಲು ಡೇಟಾದ ಪ್ರತಿ ತುಂಡಿಗೂ (ಬ್ಲಾಕ್) ತಾಳೆ ನೋಡುವ ಸಂಖ್ಯೆ, ಅಂದರೆ ಚೆಕ್‌ಸಮ್, ಇಡುವ ಝಡ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಮ್ ಬೇಕು, ಎಲ್ಲ ಡೇಟಾ ಓದಿ ತಾಳೆ ನೋಡುವ ಸ್ಕ್ರಬ್ ತಪ್ಪದೆ ಓಡಿಸಬೇಕು. ಬ್ಯಾಕಪ್ ಬೇರೆ ಕಟ್ಟಡದಲ್ಲಿರಲಿ. ರೇಡ್ ಎಷ್ಟೇ ಗಟ್ಟಿಯಿದ್ದರೂ ತಪ್ಪಿ ಅಳಿಸಿದ ಫೈಲ್ ಅದರಿಂದ ಮರಳುವುದಿಲ್ಲ, ಬೆಂಕಿ ಬಿದ್ದರಂತೂ ಕೇಳಲೇಬೇಡಿ. ಹಾಗಾಗಿ ಮತ್ತೆ ಹೇಳುತ್ತೇನೆ, ಬ್ಯಾಕಪ್ ಬೇರೆ ಕಟ್ಟಡದಲ್ಲಿರಲಿ. ಅದರಿಂದ ಫೈಲ್ ನಿಜಕ್ಕೂ ವಾಪಸ್ ಬರುತ್ತದೆಯೇ ಎಂದು ಆಗಾಗ ರಿಸ್ಟೋರ್ ಮಾಡಿ ನೋಡಿಸಿ.

ಕೆಟ್ಟ ಡಿಸ್ಕ್‌ಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಇಲಾಖೆಯ ಖರ್ಚಿನಲ್ಲೇ ಡೇಟಾ ರಿಕವರಿ ಲ್ಯಾಬಿಗೆ ಕಳಿಸಿ. ಯಾವಾಗ ಕಳಿಸುತ್ತೀರಿ, ಬ್ಯಾಕಪ್ ಯಾವ ಕಟ್ಟಡಕ್ಕೆ ಹೋಗುತ್ತದೆ, ಎರಡನ್ನೂ ಲಿಖಿತವಾಗಿ ತಿಳಿಸಿ.

ಇಂತಿ,
ಪತ್ರ ಕಳೆದುಕೊಂಡ ಅರ್ಜಿದಾರ